ನಿಧಾನ ಬೇರೆ, ಹಳತು ಬೇರೆ: ಮನೆಯ ಕಂಪ್ಯೂಟರ್‌ಗೆ ಹೊಸ ಒಎಸ್ ಹಾಕುವ ಮುಂಚೆ

2025ರ ದೀಪಾವಳಿಗೆ ಸಾಗರದ ಮನೆಗೆ ಹೋಗಿದ್ದೆ. ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಅಪ್ಪಯ್ಯ ಕಂಪ್ಯೂಟರ್ ಹತ್ತಿರ ಕರೆದರು. ಪರದೆ ಮೇಲೆ ಒಂದು ಸಂದೇಶ ಬಂದು ಕೂತಿತ್ತು. ಕಂಪ್ಯೂಟರನ್ನು ನಡೆಸುವ ಒಎಸ್ (ಆಪರೇಟಿಂಗ್ ಸಿಸ್ಟಮ್) ಆದ ವಿಂಡೋಸ್ 10ರ ಬೆಂಬಲ ಮುಗಿದಿದೆ ಅಂತ ಅದರ ಅರ್ಥ. "ಇನ್ನು ಇದು ನಡೆಯೋದಿಲ್ವಾ? ಹೊಸದೇ ತಗೊಳ್ಳಬೇಕಾ?" ಅಂತ ಕೇಳಿದರು. ಪೇಟೆಯ ಅಂಗಡಿಯಲ್ಲೂ ವಿಚಾರಿಸಿದ್ದರಂತೆ. "ಹಳೇದಾಯ್ತಲ್ಲ ಸಾರ್, ಹನ್ನೊಂದು ಹತ್ತೋದಿಲ್ಲ. ನಿಧಾನ ಬೇರೆ ಇದೆ" ಎಂಬ ಉತ್ತರ ಸಿಕ್ಕಿತ್ತು.

ಆ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆ ಸೇರಿಕೊಂಡಿವೆ. ಕಂಪ್ಯೂಟರ್ ನಿಧಾನ ಆಗಿರುವುದು ಒಂದು. ಹೊಸ ವಿಂಡೋಸ್ ಅದನ್ನು ಒಪ್ಪದೇ ಇರುವುದು ಇನ್ನೊಂದು. ಇವೆರಡಕ್ಕೂ ಸಂಬಂಧ ತುಂಬ ಕಡಿಮೆ, ಮದ್ದೂ ಬೇರೆ ಬೇರೆ. ಒಂದಕ್ಕೆ ಇನ್ನೊಂದರ ಮದ್ದು ಕೊಟ್ಟಾಗಲೇ ಸುಮ್ನೆ ದುಡ್ಡು ಹೋಗುವುದು.

ಮೊದಲು ಆ ಸಂದೇಶದ ವಿಷಯ. ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. ಅದಕ್ಕೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುತ್ತಿದ್ದ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮರುದಿನ ಕಂಪ್ಯೂಟರ್ ಆನ್ ಆಗದೇ ಇರುವುದಿಲ್ಲ. ಫೈಲುಗಳೂ ಎಲ್ಲೂ ಹೋಗುವುದಿಲ್ಲ. ಹಾಗಾದರೆ ತೊಂದರೆ ಏನು?

ತೊಂದರೆ ಏನೆಂದು 2017ರಲ್ಲಿ ಇಡೀ ಜಗತ್ತು ನೋಡಿತು. ವಿಂಡೋಸ್‌ನಲ್ಲಿ ಫೈಲು ಹಂಚಿಕೊಳ್ಳುವ ಭಾಗದಲ್ಲಿ ಒಂದು ತೂತು ಇತ್ತು. ಅದನ್ನು ಮುಚ್ಚುವ ಅಪ್‌ಡೇಟ್ ಆ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು. ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಅದೇ ತೂತಿನಿಂದ ಒಳಗೆ ನುಗ್ಗಿತು. ಫೈಲುಗಳಿಗೆಲ್ಲ ಬೀಗ ಹಾಕಿ, ಬಿಚ್ಚಬೇಕಾದರೆ ದುಡ್ಡು ಕೊಡಿ ಅಂತ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಅಪ್‌ಡೇಟ್ ಹಾಕಿಕೊಂಡವರು ಉಳಿದರು, ಹಾಕದವರು ಸಿಕ್ಕಿಬಿದ್ದರು.

ಇದರಲ್ಲಿ ಇನ್ನೂ ಒಂದು ವಿಷಯ ಇದೆ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಬಹಳಷ್ಟು ಒಂದೇ. 11ರಲ್ಲಿ ಒಂದು ತೂತು ಮುಚ್ಚಿದರು ಅಂದರೆ, ಆ ತೂತು ಎಲ್ಲಿತ್ತು ಅಂತ ಕಳ್ಳರಿಗೂ ಗೊತ್ತಾಗುತ್ತದೆ. 10ರಲ್ಲಿ ಅದು ಹಾಗೇ ತೆರೆದಿರುತ್ತದೆ. ಪಕ್ಕದ ಮನೆಯವರು ಹಿತ್ತಲ ಬಾಗಿಲಿಗೆ ಹೊಸ ಚಿಲಕ ಹಾಕಿಸುವುದನ್ನು ನೋಡಿದವನು, ಅದೇ ನಮೂನೆಯ ನಮ್ಮ ಬಾಗಿಲಿನತ್ತ ತಿರುಗುವುದಿಲ್ವಾ? ಅಪ್ಪಯ್ಯ ಇದೇ ಕಂಪ್ಯೂಟರ್‌ನಲ್ಲಿ ಬ್ಯಾಂಕಿನ ವ್ಯವಹಾರವನ್ನೂ ಮಾಡುತ್ತಾರೆ. ಹಾಗಾಗಿ ಸಂದೇಶವನ್ನು ಮುಚ್ಚಿ ಸುಮ್ಮನೆ ಇರುವಂತಿರಲಿಲ್ಲ.

ಇನ್ನು 11 ಯಾಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಕೇಳುವ ರ‍್ಯಾಮ್ 4 ಜಿಬಿ, ಜಾಗ 64 ಜಿಬಿ. ಅಷ್ಟು ಅಪ್ಪಯ್ಯನ ಕಂಪ್ಯೂಟರ್‌ನಲ್ಲೂ ಇದೆ. ಅಡ್ಡ ಬರುವುದು ಬೇರೆ ಮೂರು: ಟಿಪಿಎಂ 2.0, ಸೆಕ್ಯೂರ್ ಬೂಟ್, ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್‌ಗಳ (ಕಂಪ್ಯೂಟರ್‌ನ ಮುಖ್ಯ ಚಿಪ್‌ಗಳ) ಒಂದು ಪಟ್ಟಿ.

ಟಿಪಿಎಂ ಅಂದರೆ ಬೀಗದ ಕೈಗಳನ್ನು ಇಡುವ ಪುಟ್ಟ ಚಿಪ್. ಡಿಸ್ಕಿಗೆ ಬೀಗ ಹಾಕಿ ಕೀಲಿಯನ್ನು ಅದೇ ಡಿಸ್ಕಿನಲ್ಲಿ ಇಟ್ಟರೆ ಬೀಗದ ಪಕ್ಕ ಮೊಳೆಗೆ ಕೀಲಿ ನೇತುಹಾಕಿದ ಹಾಗೆ. ಅದಕ್ಕೆ ಕೀಲಿಯನ್ನು ಬೇರೆ ಕಡೆ ಇಡುತ್ತಾರೆ. ಈಗಿನ ಎಷ್ಟೋ ಪ್ರೊಸೆಸರ್‌ಗಳಲ್ಲಿ ಈ ಕೆಲಸ ಒಳಗೇ ಆಗುತ್ತದೆ, ಬೇರೆ ಚಿಪ್ ಬೇಕಿಲ್ಲ. ಇಂಟೆಲ್‌ನವರು ಅದಕ್ಕೆ ಪಿಟಿಟಿ ಅನ್ನುತ್ತಾರೆ, ಎಎಂಡಿಯವರು ಎಫ್‌ಟಿಪಿಎಂ ಅನ್ನುತ್ತಾರೆ. ಸೆಕ್ಯೂರ್ ಬೂಟ್ ಮಾಡುವುದು ಬಾಗಿಲು ತೆಗೆಯುವ ಮುಂಚೆ "ಯಾರು?" ಅಂತ ಕೇಳುವ ಕೆಲಸ. ವಿಂಡೋಸ್ ಶುರುವಾಗುವ ಮೊದಲೇ ಬೇರೆ ಯಾವುದೋ ಪ್ರೋಗ್ರಾಂ ಒಳಗೆ ಬಂದು ಕೂರದಂತೆ ಸಹಿ ನೋಡಿ ಬಿಡುತ್ತದೆ.

ಮೂರನೆಯದು ಪಟ್ಟಿ. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನದು ಬೇಕು, ಅಂದರೆ 2017ರ ಕೊನೆಯ ಹೊತ್ತಿಗೆ ಬಂದವು. ಎಎಂಡಿ ರೈಜನ್ ಆದರೆ 2000ದ ಸರಣಿಯಿಂದ. ಆದರೆ ಆ ಸರಣಿಯಲ್ಲೂ ಪಟ್ಟಿಗೆ ಸೇರದ ಕೆಲವು ಇವೆ, ಹೆಸರು ಹುಡುಕಿ ನೋಡಿಕೊಳ್ಳಬೇಕು. ತಲೆಮಾರು ತಿಳಿಯುವುದು ಸುಲಭ. ಐ3-4130 ಅಂತ ಇದ್ದರೆ ಅಡ್ಡಗೆರೆ ಆದಮೇಲಿನ ಮೊದಲ ಅಂಕಿಯೇ ತಲೆಮಾರು: 4ನೆಯದು. ಐ5-8250 ಅಂದರೆ 8ನೆಯದು. 10400 ಅಂತ ಐದು ಅಂಕಿ ಇದ್ದರೆ ಮೊದಲ ಎರಡು ನೋಡಿ: 10ನೆಯದು. ಲ್ಯಾಪ್‌ಟಾಪ್ ಕೊಳ್ಳುವಾಗ ಜನ ತಪ್ಪುವ ಜಾಗ ಒಂದಿದೆ. 1135 ಎಂದು ಶುರುವಾಗುವುದು 1ನೇ ತಲೆಮಾರಲ್ಲ, 11ನೆಯದು.

ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಅಪ್ಪಯ್ಯನ ಡೆಸ್ಕ್‌ಟಾಪ್ 2014ರದು, ಅದೇ ಐ3-4130. ತಂಗಿಯ ಲ್ಯಾಪ್‌ಟಾಪ್ 2018ರದು, ಐ5-8250. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಸಾಧನದಲ್ಲಿ ಎರಡನ್ನೂ ನೋಡಿದೆ. ಎರಡಕ್ಕೂ "ಆಗುವುದಿಲ್ಲ" ಎಂದೇ ಬಂತು. ಆದರೆ ಕಾರಣ ಬೇರೆ ಬೇರೆ. ಡೆಸ್ಕ್‌ಟಾಪ್‌ನ ಪ್ರೊಸೆಸರ್ ಪಟ್ಟಿಯಲ್ಲೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಸರಿ ಇದೆ, ಟಿಪಿಎಂ ಇಲ್ಲ ಅನ್ನುತ್ತಿತ್ತು. ನಿಜಕ್ಕೂ ಇತ್ತು, ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಯಂತ್ರದ ಸ್ವಂತ ಸೆಟ್ಟಿಂಗ್ಸ್‌ನಲ್ಲಿ) ಆಫ್ ಆಗಿತ್ತು ಅಷ್ಟೇ. ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್2 ಒತ್ತಿ ಒಳಗೆ ಹೋಗಿ, ಪಿಟಿಟಿ ಆನ್ ಮಾಡಿದೆ. ಐದು ನಿಮಿಷದ ಕೆಲಸ. ಹಾಗಾಗಿ ಆ "ಆಗುವುದಿಲ್ಲ"ವನ್ನು ನೋಡಿ ಅಲ್ಲಿಗೇ ಬಿಡಬೇಡಿ. ಯಾಕೆ ಆಗುವುದಿಲ್ಲ ಎಂಬುದನ್ನೂ ಅದೇ ಪರದೆ ಹೇಳುತ್ತದೆ, ಓದಿ.

ಬಯಾಸ್ ಮುಟ್ಟುವ ಮುಂಚೆ ಒಂದು ಎಚ್ಚರ. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದ್ದರೆ, ಈ ಬದಲಾವಣೆ ಆದಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ನೋಡಿ, ಒಂದು ಪುಸ್ತಕದಲ್ಲಿ ಬರೆದಿಡಿ. ಆ ಕೀ ಸಿಗದಿದ್ದರೆ ಡಿಸ್ಕಿನಲ್ಲಿರುವುದನ್ನು ಯಾವ ಅಂಗಡಿಯವರೂ ತೆಗೆದುಕೊಡಲಾರರು.

ಅಂಗಡಿಯಲ್ಲಿ ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕು ಬರುತ್ತದೆ. ಪ್ರೊಸೆಸರ್ 8ನೇ ತಲೆಮಾರಿನದೇ ಇರುತ್ತದೆ, ಆದರೆ ವಿಂಡೋಸ್ ಹಾಕುವಾಗ ಹಳೆಯ ಬಯಾಸ್ ಪದ್ಧತಿಯಲ್ಲಿ ಹಾಕಿರುತ್ತಾರೆ. ಆಗ ಸೆಕ್ಯೂರ್ ಬೂಟ್ ಆನ್ ಮಾಡಲು ಹೋದರೆ ವಿಂಡೋಸೇ ಏಳುವುದಿಲ್ಲ. ಅದಕ್ಕೆ ವಿಂಡೋಸ್ 10ರ ಒಳಗೇ ಎಂಬಿಆರ್‌ಟುಜಿಪಿಟಿ ಎಂಬ ಸಾಧನ ಇದೆ. ಡಿಸ್ಕಿನ ವಿನ್ಯಾಸವನ್ನು ಫೈಲು ಅಳಿಸದೇ ಬದಲಿಸುತ್ತದೆ. ಅದು ಮುಗಿದ ಮೇಲೆ ಬಯಾಸ್‌ನಲ್ಲಿ ಯುಇಎಫ್‌ಐ ಎಂಬ ಹೊಸ ಪದ್ಧತಿಗೆ ಹೋಗಬೇಕು. ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಮಾಂಡ್ ಬರೆದು ರೂಢಿ ಇಲ್ಲದವರು ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು.

ಲ್ಯಾಪ್‌ಟಾಪ್‌ನ ಅಪ್‌ಗ್ರೇಡ್ ಆಮೇಲೆ ಸಲೀಸಾಗಿ ಆಯಿತು. ಅಸಲಿ ವಿಂಡೋಸ್ 10 ಇದ್ದರೆ 11ಕ್ಕೆ ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಅದೇ ಮುಂದುವರಿಯುತ್ತದೆ. ಫೈಲು, ಪ್ರೋಗ್ರಾಂ ಎಲ್ಲ ಇದ್ದ ಜಾಗದಲ್ಲೇ ಉಳಿಯುತ್ತವೆ. ಇಷ್ಟ ಆಗದಿದ್ದರೆ 10 ದಿನದ ಒಳಗೆ ಸೆಟ್ಟಿಂಗ್ಸ್‌ನ ರಿಕವರಿಯಿಂದ ಹಿಂದಕ್ಕೆ ಹೋಗಬಹುದು. ಆ ಹತ್ತು ದಿನ ಸಿ ಡ್ರೈವ್‌ನಲ್ಲಿ ವಿಂಡೋಸ್.ಓಲ್ಡ್ ಎಂಬ ದೊಡ್ಡ ಫೋಲ್ಡರ್ ಇರುತ್ತದೆ. ಜಾಗ ಸಾಲದು ಅಂತ ಅದನ್ನು ಅಳಿಸಿದರೆ ಹಿಂದಕ್ಕೆ ಹೋಗುವ ದಾರಿಯೂ ಹೋಗುತ್ತದೆ. ಇನ್ನೊಂದು ವಿಷಯ: ನಿಮ್ಮಲ್ಲಿರುವುದು 32 ಬಿಟ್‌ನ ವಿಂಡೋಸ್ 10 ಆಗಿದ್ದರೆ ಹೀಗೆ ಇದ್ದದ್ದರ ಮೇಲೇ ಅಪ್‌ಗ್ರೇಡ್ ಆಗುವುದಿಲ್ಲ, ಯಾಕೆಂದರೆ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು.

ಈಗ ಅಪ್ಪಯ್ಯನ ಡೆಸ್ಕ್‌ಟಾಪ್‌ಗೆ ಬರುತ್ತೇನೆ. ಆನ್ ಮಾಡಿ ಕಾಫಿ ಕುಡಿದು ಬಂದರೂ ಅದು ಇನ್ನೂ ತಿರುಗುತ್ತಲೇ ಇರುತ್ತಿತ್ತು. ಇದು ಮೊದಲು ಹೇಳಿದ ನಿಧಾನದ ಕಾಯಿಲೆ. ಇದಕ್ಕೆ ಕಾರಣ ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕ್. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಒಂದು ತಟ್ಟೆ ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುತ್ತದೆ. ಅದರ ಮೇಲೆ ಒಂದು ಪುಟ್ಟ ತೋಳು ಅತ್ತಿಂದಿತ್ತ ಓಡಾಡುತ್ತ ಓದುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಓದಲು ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದರೆ ಸೆಕೆಂಡಿಗೆ ನೂರರಷ್ಟು ಓದು, ಅದಕ್ಕಿಂತ ಜಾಸ್ತಿ ಹೋಗುವುದು ಕಷ್ಟ. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕ ಫೈಲುಗಳನ್ನು ಒಟ್ಟಿಗೆ ಕೇಳುತ್ತದೆ. ದಿನಸಿ ಅಂಗಡಿಯಲ್ಲಿ ಒಬ್ಬನೇ ಹುಡುಗ, ಹತ್ತು ಗಿರಾಕಿ, ಪ್ರತಿ ಸಾಮಾನಿಗೂ ಒಳಗಿನ ಗೋದಾಮಿಗೆ ಓಡಬೇಕು ಅಂದರೆ ಹೇಗೋ ಹಾಗೆ. ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್‌ಗಳಲ್ಲೇ ಫೈಲು ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡುವುದು ಯಾವುದೂ ಇಲ್ಲ. ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತದೆ.

ಹಳೆಯ ಕಂಪ್ಯೂಟರ್‌ಗೆ ಒಂದೇ ಒಂದು ಖರ್ಚು ಮಾಡುವುದಾದರೆ ಅದು ಎಸ್‌ಎಸ್‌ಡಿಗೇ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಎಸ್ ಯಾವುದೇ ಇರಲಿ, ಆ ಖರ್ಚು ವ್ಯರ್ಥ ಆಗುವುದಿಲ್ಲ. ಎರಡನೆಯದು ರ‍್ಯಾಮ್. 4 ಜಿಬಿಯನ್ನು 8 ಮಾಡಿದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೂ ಉಸಿರುಕಟ್ಟುವುದಿಲ್ಲ. 4ನೇ ತಲೆಮಾರಿನ ಈ ಡೆಸ್ಕ್‌ಟಾಪ್‌ಗೆ ಡಿಡಿಆರ್3 ಬೇಕು. ಡಿಡಿಆರ್4 ಅದರಲ್ಲಿ ಕೂರುವುದೇ ಇಲ್ಲ, ಕಚ್ಚು ಬೇರೆ ಜಾಗದಲ್ಲಿ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಹಳೆಯ ರ‍್ಯಾಮ್ ಹುಡುಕಿದರೆ ಸಿಗುತ್ತದೆ. ನಾನು ಅಲ್ಲಿಂದಲೇ ತಂದೆ.

ಕ್ಯಾಬಿನೆಟ್ ಬಿಚ್ಚುವ ಮುಂಚೆ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿದೆ. ಒಳಗೆ ಉಳಿದ ಕರೆಂಟು ಅದರಿಂದ ಹೋಗುತ್ತದೆ. ಪಕ್ಕದ ತಗಡು ತೆಗೆದರೆ, ಹಿಂದಿನ ಗಾಳಿಕಿಂಡಿಯ ಮೂಲೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಪ್ರೊಸೆಸರ್ ಫ್ಯಾನಿನ ಕೆಳಗೆ ಧೂಳು ಹತ್ತಿಯ ಹಾಸಿಗೆ ಥರ ಕೂತಿತ್ತು. ಮೆತ್ತಗಿನ ಬ್ರಷ್ಷಿನಲ್ಲಿ ಅದನ್ನೆಲ್ಲ ತೆಗೆದೆ. ಬಿಸಿಯಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಹಾಗಾಗಿ ಧೂಳು ತೆಗೆದರೂ ಸ್ವಲ್ಪ ಚುರುಕಾಗುತ್ತದೆ. ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕ್ ಪಕ್ಕದಲ್ಲೇ ಜೋಡಿಸಿ, ಹಳೆಯದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೊಸದಕ್ಕೆ ಕ್ಲೋನ್ ಮಾಡಿದೆ. ಕ್ಲೋನ್ ಮಾಡಿದರೆ ಪ್ರಿಂಟರ್, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ, ಪಾಸ್‌ವರ್ಡ್ ಯಾವುದನ್ನೂ ಮತ್ತೆ ಕೂರಿಸಬೇಕಿಲ್ಲ. ಆ ಸಂಜೆ ಆನ್ ಮಾಡಿದಾಗ ಅಪ್ಪಯ್ಯ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ವಿಂಡೋಸ್ ಎದ್ದು ಪರದೆ ಬಂದಿತ್ತು.

ನಿಧಾನದ ಕಾಯಿಲೆ ಹೋಯಿತು. ಆದರೆ ಒಳಗಿರುವುದು ಇನ್ನೂ ವಿಂಡೋಸ್ 10. ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲದವರಿಗೆ ಇರುವ ದಾರಿಗಳು ಹೀಗಿವೆ.

ಅಡ್ಡದಾರಿ ಒಂದಿದೆ. ಪರೀಕ್ಷೆಯನ್ನು ತಪ್ಪಿಸಿ 11 ಹಾಕುವ ಉಪಾಯಗಳು ಎಲ್ಲ ಕಡೆ ಸಿಗುತ್ತವೆ, ಅಂಗಡಿಗಳಲ್ಲೂ ಹಾಕಿಕೊಡುತ್ತಾರೆ. ಓಡುತ್ತದೆ, ಸುಳ್ಳಲ್ಲ. ಆದರೆ ಇಂಥ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಸಿಗುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. 2024ರ ಆವೃತ್ತಿಯಿಂದ ತೀರ ಹಳೆಯ, ಕೋರ್ 2 ಡ್ಯುಯೋ ಕಾಲದ ಪ್ರೊಸೆಸರ್‌ಗಳಲ್ಲಿ ಅದು ಶುರುವೇ ಆಗುವುದಿಲ್ಲ. ಸ್ವಂತ ಪ್ರಯೋಗಕ್ಕೆ ಬೇಕಾದರೆ ಮಾಡಿ. ಊರಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮನ ಕಂಪ್ಯೂಟರ್‌ಗೆ ಮಾಡಬೇಡಿ. ಒಂದು ದಿನ ಅಪ್‌ಡೇಟ್ ನಿಂತರೆ ಅವರಿಗೆ ಗೊತ್ತೇ ಆಗುವುದಿಲ್ಲ.

ಸ್ವಲ್ಪ ಕಾಲ ತಳ್ಳುವ ದಾರಿಯೂ ಇದೆ. ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಮಾತ್ರ ಕೊಡುವ ಇಎಸ್‌ಯು ಎಂಬ ಯೋಜನೆ ಮನೆ ಬಳಕೆದಾರರಿಗೂ ಬಂತು. 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಉಚಿತ, ಇಲ್ಲವಾದರೆ 30 ಡಾಲರ್. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಕೊಂಡಿ ಇರುತ್ತದೆ. ಅಪ್ಪಯ್ಯನ ಕಂಪ್ಯೂಟರನ್ನು ಅಂದೇ ಸೇರಿಸಿದೆ. ಇದು ಮದ್ದಲ್ಲ, ಮದ್ದು ಹುಡುಕಲು ಸಿಕ್ಕ ಸಮಯ.

ಮದ್ದು ಅಂತ ನಾನು ಆರಿಸಿದ್ದು ಲಿನಕ್ಸ್ ಮಿಂಟ್. ಇದು 2006ರಿಂದ ಇರುವ ಉಚಿತ ಒಎಸ್. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಟಿಪಿಎಂ ಕೇಳುವುದಿಲ್ಲ, ರ‍್ಯಾಮ್ 2 ಜಿಬಿಯಿಂದ ನಡೆಯುತ್ತದೆ, 4 ಇದ್ದರೆ ಆರಾಮ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ, ವಿಂಡೋಸ್ 7 ನೋಡಿದವರಿಗೆ ಹೊಸದು ಅನಿಸುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು, ಹಾಕುವ ಮುಂಚೆ ನೋಡಬಹುದು. ಪೆನ್‌ಡ್ರೈವ್‌ಗೆ ಇಳಿಸಿ ಅದರಿಂದಲೇ ಕಂಪ್ಯೂಟರ್ ಆನ್ ಮಾಡಿದರೆ ಡಿಸ್ಕ್ ಮುಟ್ಟದೇ ಪೂರ್ತಿ ಒಎಸ್ ಓಡುತ್ತದೆ. ಆಗಲೇ ವೈಫೈ, ಸದ್ದು, ಪ್ರಿಂಟರ್ ನೋಡಿಕೊಳ್ಳಿ. ಪ್ರಿಂಟರ್ ವಿಷಯದಲ್ಲಿ ಎಚ್ಚರ ಬೇಕು: ನಮ್ಮ ಕಡೆ ಝೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900ನಂಥ ಹಳೆಯ ಪ್ರಿಂಟರ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ಬಹಳ ಹೆಣಗಬೇಕು. ಲೆಕ್ಕಪತ್ರದ ಟ್ಯಾಲಿ ಥರದ ವಿಂಡೋಸ್ ಪ್ರೋಗ್ರಾಂ ಮೇಲೆ ಕಸುಬು ನಿಂತಿದ್ದರೆ ಈ ದಾರಿ ಬೇಡ. ಆಗ ಪಟ್ಟಿಯಲ್ಲಿರುವ ಪ್ರೊಸೆಸರ್‌ನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವುದೇ ಲೇಸು.

ಅಪ್ಪಯ್ಯನಿಗೆ ಟ್ಯಾಲಿ ಬೇಕಿಲ್ಲ. ಅವರಿಗೆ ಬೇಕಿರುವುದು ಯಕ್ಷಗಾನ. ಹದಿನೈದು ವರ್ಷದಿಂದ ಹಳೆಯ ಪ್ರಸಂಗದ ಪದ್ಯಗಳನ್ನು ಒಂದೊಂದೇ ನುಡಿಯಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. ಪೆನ್‌ಡ್ರೈವ್‌ನ ಮಿಂಟ್‌ನಲ್ಲಿ ಅದರಲ್ಲೊಂದು ಫೈಲು ತೆರೆದೆವು. ಕನ್ನಡ ಎಂಬ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಹೊತ್ತ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು. ಅಪ್ಪಯ್ಯನ ಮುಖ ಸಪ್ಪೆಯಾಯಿತು. "ಎಲ್ಲ ಹೋಯ್ತಾ?" ಅಂದರು.

ಏನೂ ಹೋಗಿರಲಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಮುಂತಾದವು ಕನ್ನಡದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದವು. ಫೈಲಿನಲ್ಲಿ ಇರುವುದು ಪಿ ಅಕ್ಷರವೇ, ಅದನ್ನು "ಕ"ದ ತುಂಡಾಗಿ ತೋರಿಸುವುದು ನುಡಿಯ ಫಾಂಟ್. ಫಾಂಟ್ ಇಲ್ಲದ ಕಡೆ ವೇಷ ಕಳಚಿ ಒಳಗಿನದು ಕಾಣುತ್ತದೆ. ನುಡಿಯ ಫಾಂಟ್ ಫೈಲುಗಳನ್ನು ವಿಂಡೋಸ್‌ನಿಂದ ನಕಲು ಮಾಡಿ ಮಿಂಟ್‌ಗೆ ಹಾಕಿದೆ. ಪದ್ಯ ಮತ್ತೆ ಬಂತು. ಓದುವುದಕ್ಕೆ, ಪ್ರಿಂಟ್ ತೆಗೆಯುವುದಕ್ಕೆ ಅಷ್ಟು ಸಾಕು. ತಿದ್ದಬೇಕು, ಹುಡುಕಬೇಕು, ಮೊಮ್ಮಕ್ಕಳ ಮೊಬೈಲಿಗೆ ಕಳಿಸಬೇಕು ಅಂದರೆ ಯೂನಿಕೋಡ್‌ಗೆ ಬದಲಿಸಲೇಬೇಕು. ಬದಲಿಸುವ ಸಾಧನ ನುಡಿಯಲ್ಲೇ ಇದೆ. ಅದನ್ನು ವಿಂಡೋಸ್ ಇರುವಾಗಲೇ ಮಾಡಿ ಮುಗಿಸಿ, ಆಮೇಲೆ ಒಎಸ್ ಬದಲಿಸಿ. ಈ ಕ್ರಮ ತಪ್ಪಿದರೆ ಕೆಲಸ ಎರಡರಷ್ಟಾಗುತ್ತದೆ. ಬದಲಾದ ಮೇಲೆ ಅರ್ಕಾವತ್ತು ಇರುವ ಪದ, ಒತ್ತಿನ ಮೇಲೆ ಒತ್ತು ಬಂದ ಪದ, ನಡುವೆ ಸೇರಿರುವ ಇಂಗ್ಲಿಷ್ ಪದ ಇವುಗಳನ್ನು ಕಣ್ಣಿನಿಂದಲೇ ನೋಡಬೇಕು. ತಪ್ಪು ಜಾಸ್ತಿ ಅಡಗುವುದು ಅಲ್ಲೇ.

ಟೈಪ್ ಮಾಡುವುದಕ್ಕೆ ಹೊಸದೇನೂ ಕಲಿಯಬೇಕಾಗಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾವೆಲ್ಲ ಬಳಸುವ ಕೀಲಿಮಣೆ ಮಿಂಟ್‌ನ ಸೆಟ್ಟಿಂಗ್ಸ್‌ನಲ್ಲಿ ಕಗಪ ಎಂಬ ಹೆಸರಿನಲ್ಲಿ ಇದ್ದೇ ಇದೆ. ವಿಂಡೋಸ್ 11ಕ್ಕೆ ಹೋಗುವವರಿಗೂ ಒಂದು ಮಾತು: ಹೊಸದಾಗಿ ಹಾಕಿದಾಗ ಹಳೆಯ ತುಂಗಾ ಫಾಂಟ್ ಕಾಣದಿದ್ದರೆ ಗಾಬರಿ ಬೇಡ. ಆಪ್ಶನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳ ಜೊತೆ ಅದನ್ನು ಸೇರಿಸಿಕೊಳ್ಳಬಹುದು.

ಬ್ಯಾಕಪ್ ಬಗ್ಗೆ ಹೇಳದೆ ಬಿಡಲಾರೆ. "ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡೋದು, ಡಿ ಡ್ರೈವ್ ಹಾಗೇ ಇರುತ್ತೆ" ಅಂತ ಅಂಗಡಿಯಲ್ಲಿ ಧೈರ್ಯ ಹೇಳುತ್ತಾರೆ. ಆದರೆ ಡೆಸ್ಕ್‌ಟಾಪ್ ಪರದೆಯ ಮೇಲೆ ಇಟ್ಟಿದ್ದು, ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟಿದ್ದು, ಡೌನ್‌ಲೋಡ್ಸ್‌ನಲ್ಲಿ ಬಿದ್ದಿದ್ದು ಎಲ್ಲ ಇರುವುದು ಸಿ ಡ್ರೈವ್‌ನಲ್ಲೇ. ಅಪ್ಪಯ್ಯನ ಪ್ರಸಂಗಗಳೆಲ್ಲ ಆ ಪರದೆಯ ಮೇಲೇ ಇದ್ದವು. ಬೇರೆ ಡಿಸ್ಕಿಗೆ ನಕಲು ಮಾಡಿ, ಆ ನಕಲಿನಿಂದ ನಾಲ್ಕಾರು ಫೈಲು ತೆರೆದು ನೋಡಿದ ಮೇಲೆ ಮುಂದಕ್ಕೆ ಹೋಗಿ. ಯುಪಿಎಸ್‌ನ ಬ್ಯಾಟರಿ ಸತ್ತಿದ್ದರೆ ಮಳೆ ಗಾಳಿಯ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ. ಅದರಲ್ಲೂ ಬಯಾಸ್ ಅಪ್‌ಡೇಟ್ ಆಗುವಾಗ ಕರೆಂಟ್ ಹೋದರೆ ಮದರ್‌ಬೋರ್ಡೇ ಏಳದಂತಾಗಬಹುದು.

ಅಪ್ಪಯ್ಯ ಈಗ ಬೆಳಿಗ್ಗೆ ಎರಡೆರಡು ಪ್ರಸಂಗ ಯೂನಿಕೋಡ್‌ಗೆ ಬದಲಿಸಿ, ಮೂಲದ ಜೊತೆ ಹೋಲಿಸಿ ಓದುತ್ತಾರೆ. ಅನುಮಾನ ಬಂದರೆ ನನಗೆ ಫೋನ್ ಮಾಡುತ್ತಾರೆ. ಎಲ್ಲ ಮುಗಿದ ದಿನ ಎಸ್‌ಎಸ್‌ಡಿಗೆ ಮಿಂಟ್ ಹಾಕುವುದು ಅಂತ ಮಾತಾಗಿದೆ. ಕ್ಲೋನ್ ಆದಮೇಲೆ ಬಿಚ್ಚಿದ ಹಳೆಯ ಹಾರ್ಡ್ ಡಿಸ್ಕನ್ನು ಅಳಿಸಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ, ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇವೆ.